ದೇವರ ಮೇಲಿನ ದೂರು ದೇವರಿಗೇ

ಕಷ್ಟಕಾಲದಲ್ಲಿ ಕ್ರೈಸ್ತ ವಿಶ್ವಾಸಿಯನ್ನು ಕಾಡುವ ಸಂಶಯವನ್ನು ವಿಶ್ವಾಸದ ಕೊರತೆಯೆಂದು ಎಣಿಸಿ, ಅದನ್ನು ಬಾಯಿಬಿಟ್ಟು ಹೇಳುವುದೇ ಪಾಪವೆಂಬಂತೆ ಬೋಧಿಸುವ ರೂಢಿ ಅಲ್ಲಲ್ಲಿ ಇದೆಯಾದರೂ, ಬೈಬಲ್ ಈ ರೂಢಿಗೆ ಬೆಂಬಲ ಕೊಡುವುದಿಲ್ಲ. ಹಳೆಯ ಒಡಂಬಡಿಕೆಯ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ವಿದ್ವಾಂಸರು ಪ್ರಲಾಪ ಕೀರ್ತನೆಗಳೆಂದು, ಅಂದರೆ ರೋಗ, ಶತ್ರುಬಾಧೆ, ಸಾವಿನ ಭಯಗಳಲ್ಲಿ ಸಿಲುಕಿದವರು ದೇವರ ಮುಂದೆ ತೋಡಿಕೊಳ್ಳುವ ಅಳಲೆಂದು ಗುರುತಿಸುತ್ತಾರೆ. ಇವುಗಳಲ್ಲಿ ಹೆಚ್ಚಿನವು ದೂರಿನಿಂದ ಆರಂಭವಾಗಿ ಸ್ತುತಿಯಲ್ಲೋ ಭರವಸೆಯಲ್ಲೋ ಮುಗಿಯುತ್ತವೆ. 88ನೆಯ ಕೀರ್ತನೆ ಹಾಗಲ್ಲ. ಹಗಲಿರುಳು ಮೊರೆಯಿಟ್ಟರೂ ದೇವರು ಮುಖ ಮರೆಸಿಕೊಂಡಿದ್ದಾನೆ, ಆಪ್ತರನ್ನು ದೂರಮಾಡಿದವನೂ ಅವನೇ ಎಂದು ನೇರವಾಗಿ ಆರೋಪಿಸುವ ಕೀರ್ತನಕಾರ ಕೊನೆಯ ಪದದವರೆಗೂ ಕತ್ತಲೆಯಲ್ಲೇ ಉಳಿಯುತ್ತಾನೆ. ಸಂಕಲನಕಾರರು ಇದಕ್ಕೊಂದು ಸಮಾಧಾನದ ಸಾಲನ್ನು ಹೊಲಿಯಲು ಹೋಗಲಿಲ್ಲ. ಅಷ್ಟೇ ಅಲ್ಲ, ಕಥೋಲಿಕ ಧರ್ಮಸಭೆಯು ಗುರುಗಳೂ ಸಂನ್ಯಾಸಿನಿಯರೂ ದಿನದ ನಿಗದಿತ ವೇಳೆಗಳಲ್ಲಿ ಹೇಳುವ ಪ್ರಾರ್ಥನಾಕ್ರಮದಲ್ಲಿ ಪ್ರತಿ ಶುಕ್ರವಾರ ಮಲಗುವ ಮುನ್ನ ಹೇಳಲು ಇದನ್ನೇ ಇರಿಸಿದೆ. ಅಂದು ಯಾವ ದುಃಖವೂ ಇಲ್ಲದವರು ಕೂಡ ದುಃಖಿತರ ಪರವಾಗಿ ಇದನ್ನು ಹೇಳುತ್ತಾರೆ.

ಕೀರ್ತನಕಾರನ ಸಂಶಯ ಎಷ್ಟೇ ಕಹಿಯಾಗಿದ್ದರೂ ಅವನು ಅದನ್ನು ದೇವರಿಗೇ ಹೇಳುತ್ತಾನೆ ಎಂಬುದು ಇಲ್ಲಿ ಮುಖ್ಯ, ಏಕೆಂದರೆ ಜಗಳ ನಡೆಯುತ್ತಿರುವವರೆಗೆ ಸಂಬಂಧ ಕಡಿದಿರುವುದಿಲ್ಲ. ಹರಿದಾಸರ ನಿಂದಾಸ್ತುತಿಯನ್ನು ಬಲ್ಲ ಕನ್ನಡ ಓದುಗರಿಗೆ ಈ ಸಲಿಗೆ ಹೊಸದೇನಲ್ಲ. ಆದರೆ ನಿಂದಾಸ್ತುತಿಯಲ್ಲಿ ತೆಗಳಿಕೆಯ ಮರೆಯಲ್ಲಿ ಹೊಗಳಿಕೆ ಇರುತ್ತದೆ, ಈ ಕೀರ್ತನೆಯಲ್ಲಿ ಅಂಥ ಮರೆಯೇ ಇಲ್ಲ.

ಇದೇ ಕತ್ತಲೆ ಕಲ್ಕತ್ತೆಯ ಮದರ್ ತೆರೇಸಾ (1910–1997) ಅವರ ಬದುಕಿನಲ್ಲಿಯೂ ಇತ್ತೆಂಬುದು, ಅವರು ತಮ್ಮ ಆಧ್ಯಾತ್ಮಿಕ ಮಾರ್ಗದರ್ಶಿಗಳಿಗೆ ಬರೆದು, ನಾಶಮಾಡಿರೆಂದು ಕೇಳಿಕೊಂಡಿದ್ದ ಪತ್ರಗಳು 2007ರಲ್ಲಿ ಗ್ರಂಥರೂಪದಲ್ಲಿ ಬಂದಾಗ ಲೋಕಕ್ಕೆ ತಿಳಿಯಿತು. ಬಡವರ ನಡುವಿನ ಸೇವೆ ಆರಂಭವಾದಂದಿನಿಂದ, 1958ರ ಅಲ್ಪಕಾಲದ ಬಿಡುವೊಂದನ್ನುಳಿದರೆ, ದೇವರ ಸಾನ್ನಿಧ್ಯದ ಅನುಭವವೇ ಅವರಿಗೆ ಇಲ್ಲವಾಗಿತ್ತು. ಇದು ಶಿಲುಬೆಯ ಮೇಲೆ ಪರಿತ್ಯಕ್ತನಾದ ಕ್ರಿಸ್ತನ ಯಾತನೆಯಲ್ಲಿ ದೊರೆತ ಪಾಲೆಂದು ಜೆಸ್ವಿತ್ ಗುರು ಜೋಸೆಫ್ ನೋಯ್ನರ್ ವಿವರಿಸಿದ ಮೇಲೆ ಅವರು ಆ ಕತ್ತಲೆಯನ್ನು ಒಪ್ಪಿಕೊಂಡರೇ ಹೊರತು ಅದು ಕರಗಲಿಲ್ಲ. ಕ್ರಿಸ್ಟಫರ್ ಹಿಚೆನ್ಸ್‌ರಂತಹ ನಾಸ್ತಿಕ ವಿಮರ್ಶಕರು ಈ ಪತ್ರಗಳಲ್ಲಿ ಕಂಡದ್ದು ನಂಬಿಕೆ ಕಳೆದುಕೊಂಡ ಮಹಿಳೆಯನ್ನು. ಅನುಭವವೇ ವಿಶ್ವಾಸದ ಅಳತೆಗೋಲಾದರೆ ಆ ಮಾತು ಸರಿಯೇ. ಆದರೆ ವಿಶ್ವಾಸವೆಂದರೆ ಕೊಟ್ಟ ಮಾತಿಗೆ ನಿಲ್ಲುವುದೆಂದಾದರೆ, ಏನೂ ಅನಿಸದೆಯೂ ದಿನದಿನವೂ ಪ್ರಾರ್ಥನೆಗೆ ಕುಳಿತು, ಆಮೇಲೆ ಸಾಯುತ್ತಿರುವವರ ಬಳಿಗೆ ಹೋದ ಅವರನ್ನು ಅವಿಶ್ವಾಸಿಯೆನ್ನುವುದು ಕಷ್ಟ. ಇಂಥ ಸ್ಥಿತಿಯನ್ನು, 1577–78ರಲ್ಲಿ ಟೊಲೆಡೊದಲ್ಲಿ ತನ್ನದೇ ಸಂನ್ಯಾಸಿ ಸಭೆಯವರ ಸೆರೆಯಲ್ಲಿದ್ದ ಸ್ಪೇನಿನ ಸಂತ, ಶಿಲುಬೆಯ ಯೊವಾನ್ನ, ಆತ್ಮದ ಕತ್ತಲ ರಾತ್ರಿಯೆಂದು ನಿರೂಪಿಸಿದ್ದಾನೆ. ಚಿಕಿತ್ಸೆ ಬೇಕಾದ ಖಿನ್ನತೆಗೂ ಈ ದೊಡ್ಡ ಹೆಸರನ್ನಿಟ್ಟು ರೋಗಿಯನ್ನು ವೈದ್ಯರಿಂದ ದೂರವಿಡುವುದು ಮಾತ್ರ ಕ್ರೌರ್ಯ.

ಸಂಶಯಪಡುವವನಿಗಿಂತ ಅವನನ್ನು ಸಂತೈಸಲು ಬರುವವರೇ ಹೆಚ್ಚು ಎಚ್ಚರದಿಂದಿರಬೇಕೆಂಬುದಕ್ಕೆ ಯೋಬನ ಗ್ರಂಥ ಸಾಕ್ಷಿ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನ ಬಳಿ ಅವನ ಮೂವರು ಗೆಳೆಯರು ಏಳು ದಿನ ತುಟಿಬಿಚ್ಚದೆ ಕುಳಿತದ್ದೇ ಅವರು ಮಾಡಿದ ಒಳ್ಳೆಯ ಕೆಲಸ. ಬಾಯಿ ತೆರೆದ ಮೇಲೆ, ಪಾಪವಿಲ್ಲದೆ ಶಿಕ್ಷೆಯಿಲ್ಲ, ಆದ್ದರಿಂದ ತಪ್ಪೊಪ್ಪಿಕೋ ಎಂದು ದೇವರ ಪರವಾಗಿ ವಾದಿಸಿದರು. ಯೋಬನು ಒಪ್ಪದೆ ದೇವರನ್ನೇ ವ್ಯಾಜ್ಯಕ್ಕೆ ಕರೆದನು. ಬಿರುಗಾಳಿಯೊಳಗಿಂದ ಮಾತಾಡಿದ ದೇವರು ಯೋಬನ ಸಂಕಟಕ್ಕೆ ಕಾರಣವನ್ನು ಕೊನೆಗೂ ತಿಳಿಸುವುದಿಲ್ಲ. ಆದರೆ ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಎಂದು 42ನೆಯ ಅಧ್ಯಾಯದಲ್ಲಿ ತೀರ್ಪು ಕೊಟ್ಟು, ತನ್ನ ಪರ ವಾದಿಸಿದ ಆ ಗೆಳೆಯರು ಏಳು ಹೋರಿ, ಏಳು ಟಗರುಗಳನ್ನು ಬಲಿಯರ್ಪಿಸಬೇಕೆಂದೂ, ಅವರಿಗಾಗಿ ಯೋಬನು ಪ್ರಾರ್ಥಿಸಬೇಕೆಂದೂ ಆಜ್ಞಾಪಿಸುತ್ತಾನೆ.