ಅದು ನೋಡುವ ಊರಲ್ಲ

ಜೋಯಿಡಾ ತಾಲೂಕಿಗೆ ಮೊದಲು ಸೂಪಾ ತಾಲೂಕು ಅಂತ ಹೆಸರಿತ್ತು. ಕಾಳಿ ನದಿಗೆ ಪಾಂಡ್ರಿ ಹೊಳೆ ಬಂದು ಕೂಡುವಲ್ಲಿ, ಗುಡ್ಡಗಳ ನಡುವೆ, ಸೂಪಾ ಅನ್ನೋ ಪೇಟೆ ಇತ್ತು. ಗಣೇಶಗುಡಿ ಹತ್ತಿರ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು, 1987ರಲ್ಲಿ ಅದು ಮುಗಿಯಿತು. ಪೇಟೆ, ಸುತ್ತಲಿನ ಹಳ್ಳಿಗಳು, ಗದ್ದೆ, ಕಾಡು ಎಲ್ಲ ನೀರಿನ ಕೆಳಗೆ ಹೋದವು. ತಾಲೂಕಿನ ಕೇಂದ್ರ ಜೋಯಿಡಾ ಆಯಿತು, ಊರಿನ ಬಹಳಷ್ಟು ಜನ ರಾಮನಗರ ಸೇರಿದರು. ಸೂಪಾ ಅನ್ನೋ ಹೆಸರು ಉಳಿದಿದ್ದು ಅದನ್ನು ಮುಳುಗಿಸಿದ ಗೋಡೆಗೆ.

ನಾನು ಹುಟ್ಟಿದ್ದು 1989ರಲ್ಲಿ, ಹಳಿಯಾಳ ತಾಲೂಕಿನ ಒಂದು ಹಳ್ಳಿಯಲ್ಲಿ. ನಾನು ಕಣ್ಣು ಬಿಡೋ ಹೊತ್ತಿಗೆ ಸೂಪಾ ನೀರೊಳಗೆ ಇತ್ತು. ಆದರೂ ನನಗೆ ಅತಿ ಪರಿಚಯದ ಊರು ಯಾವುದು ಅಂದರೆ, ಹತ್ತು ವರ್ಷ ಬಾಡಿಗೆ ಕಟ್ಟಿದ ಬೆಂಗಳೂರಿನ ಬಡಾವಣೆಗಿಂತ ಮೊದಲು ಸೂಪಾ ಅಂತಲೇ ಹೇಳಬೇಕು. ಕಾರಣ ನಮ್ಮ ಆಯಿ. (ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ.) ಆಕೆಯ ತಂಗಿಯನ್ನು ಸೂಪಾಕ್ಕೆ ಕೊಟ್ಟಿದ್ದರು. ವರ್ಷಕ್ಕೊಮ್ಮೆ ತಂಗಿ ಮನೆಗೆ ಹೋಗಿ ಬಂದದ್ದನ್ನು ಆಯಿ ಇಡೀ ವರ್ಷ ಹೇಳುತ್ತಿದ್ದಳಂತೆ, ಊರು ಹೋದ ಮೇಲೂ ಹೇಳೋದು ನಿಲ್ಲಲಿಲ್ಲ. ರಾತ್ರಿ ಮಲಗಿದರೆ ಎರಡು ಹೊಳೆಗಳ ಸಪ್ಪಳ ಬೇರೆ ಬೇರೆಯಾಗಿ ಕೇಳುತ್ತಿತ್ತು ಅನ್ನೋಳು. ಹೊಳೆಗೆ ಹೊಳೆ ಕೂಡಿದ ಮೇಲೆ ಸಪ್ಪಳ ಬೇರೆ ಹೆಂಗಾಗುತ್ತೆ ಆಯಿ ಅಂತ ಕೇಳಿದರೆ, "ನೀ ಹೋಗಿದ್ರ ಗೊತ್ತಾಗತಿತ್ತು" ಅನ್ನೋಳು.

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತೆ. ಆದರೆ ಇದಕ್ಕೆ ಏನಂತ ಹೆಸರಿಡೋದು? ಪಶ್ಚಾತ್ತಾಪ ಅನ್ನೋದು ಮಾಡಿದ್ದಕ್ಕೆ, ಅಥವಾ ಮಾಡಬಹುದಾಗಿದ್ದೂ ಬಿಟ್ಟಿದ್ದಕ್ಕೆ. ಹುಟ್ಟೋ ಮೊದಲೇ ಹೋದ ಊರಿನ ವಿಷಯದಲ್ಲಿ ನಾನು ಬಿಟ್ಟಿದ್ದೇನೂ ಇಲ್ಲ. ಹಳಹಳಿ ಅಂದರೆ ಸ್ವಲ್ಪ ಹತ್ತಿರ ಬರುತ್ತೆ. ಅದಕ್ಕೆ ಲೆಕ್ಕ ಬೇಕಿಲ್ಲ, ತಪ್ಪು ಯಾರದು ಅಂತ ಕೇಳೋದಿಲ್ಲ, ಹೊಟ್ಟೆಯಲ್ಲಿ ಸುಮ್ಮನೆ ಸುತ್ತುತ್ತಿರುತ್ತೆ. ಆದರೂ ಪ್ರಶ್ನೆ ಹಾಗೇ ಉಳೀತು. ನೋಡದ ಊರಿಗೆ ಮರುಗೋ ಹಕ್ಕು ನನಗೆ ಇದೆಯಾ?

ಈ ಪ್ರಶ್ನೆ ನನ್ನೊಬ್ಬನದೇ ಅಲ್ಲ ಅಂತ ಗೊತ್ತಾಗಿದ್ದು 2015ರ ಏಪ್ರಿಲ್‌ನಲ್ಲಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬನಿಗೆ ಕಾಠ್ಮಂಡು ಹುಚ್ಚು. ಚಿಕ್ಕಂದಿನಿಂದ ಚಿತ್ರ ಕೂಡಿಸಿದವನು, ದರ್ಬಾರ್ ಚೌಕದ ಗುಡಿಗಳನ್ನು ಸಾಲಾಗಿ ಹೇಳಬಲ್ಲವನು. ಪಶುಪತಿನಾಥನ ಪೂಜೆಗೆ ನಮ್ಮ ಕರ್ನಾಟಕದ ಭಟ್ಟರೇ ಹೋಗೋದು ಅಂತ ನನಗೆ ಮೊದಲು ಹೇಳಿದವನೂ ಅವನೇ. ಆ ತಿಂಗಳ 25ರಂದು, ಶನಿವಾರ ಮಧ್ಯಾಹ್ನದ ಹೊತ್ತಿಗೆ, 7.8 ತೀವ್ರತೆಯ ಭೂಕಂಪ ಆಯಿತು. ಹತ್ತಿರ ಹತ್ತಿರ ಒಂಬತ್ತು ಸಾವಿರ ಜನ ಸತ್ತರು. ಧರಹರಾ ಗೋಪುರ ಬಿತ್ತು. ಯಾವ ಮಂಟಪದಿಂದ ಊರಿಗೆ ಹೆಸರು ಬಂತು ಅಂತಾರೋ ಆ ಕಾಷ್ಠಮಂಡಪವೂ ಬಿತ್ತು. ಸೋಮವಾರ ಆಫೀಸಿನಲ್ಲಿ ಗೆಳೆಯ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದ. "ಒಂದ್ ಸಲ ನೋಡ್ಬೇಕಿತ್ತು ಕಣೋ" ಅಂದ. ಪಕ್ಕದವನೊಬ್ಬ, ಅಷ್ಟು ಜನ ಸತ್ತಿದಾರೆ, ಇವನಿಗೆ ಟೂರ್ ತಪ್ಪಿದ್ದೇ ದೊಡ್ಡದಾಯ್ತಾ ಅಂತ ಗೊಣಗಿದ.

ನನಗೆ ಆ ಗೊಣಗಾಟ ಅನ್ಯಾಯ ಅನ್ನಿಸಿತು. ಸತ್ತವರಿಗೆ ಅಳೋದು ಬೇರೆ, ಊರಿಗೆ ಅಳೋದು ಬೇರೆ, ಒಂದು ಬಂದರೆ ಇನ್ನೊಂದು ಹೋಗಲೇಬೇಕು ಅಂತಿಲ್ಲ. ಆದರೆ ಗೆಳೆಯನ ಅಳುವಿನಲ್ಲಿ ಒಂದು ತೊಡಕಿತ್ತು, ಅದನ್ನು ಅವನೇ ಆಮೇಲೆ ಹೇಳಿದ. ಧರಹರಾ 1934ರ ಭೂಕಂಪದಲ್ಲೂ ಬಿದ್ದಿತ್ತು. 2015ರಲ್ಲಿ ಬಿದ್ದದ್ದು ಆಮೇಲೆ ಕಟ್ಟಿದ್ದು. ಹಾಗಾದರೆ ಅವನು ಕಳಕೊಂಡದ್ದು ಯಾವ ಧರಹರಾ? ಈಗ ಮತ್ತೆ ಹೊಸದು ನಿಂತಿದೆ, ಕಾಷ್ಠಮಂಡಪವನ್ನೂ ಮರದಲ್ಲೇ ತಿರುಗಿ ಕಟ್ಟಿದ್ದಾರೆ. ಕಾಷ್ಠಮಂಡಪ ಬಿದ್ದ ಮೇಲೆ ಅಡಿಪಾಯ ಅಗೆದು ನೋಡಿದಾಗ, ಅದು ಜನ ಅಂದುಕೊಂಡಿದ್ದಕ್ಕಿಂತ ಬಹಳ ಹಳೆಯದು, ಏಳನೇ ಶತಮಾನದಷ್ಟು ಹಿಂದಿನದು ಅಂತ ತಿಳಿಯಿತು. ಮೊದಲೇ ಹೋಗಿ ಫೋಟೋ ತೆಗೆಸಿಕೊಂಡು ಬಂದವರು ಯಾರಿಗೂ ಅದು ಗೊತ್ತಿರಲಿಲ್ಲ. ನೋಡೋದು ಅಂದರೆ ನಾವು ಅಂದುಕೊಂಡಷ್ಟು ದೊಡ್ಡದೇನಲ್ಲ ಅಂತ ನನಗೆ ಅನುಮಾನ ಶುರುವಾಗಿದ್ದು ಅಲ್ಲಿಂದ.

ಭೂಕಂಪ ಹೇಳಿ ಬರೋದಿಲ್ಲ. ಅಣೆಕಟ್ಟು ವರ್ಷಗಟ್ಟಲೆ ಹೇಳಿ ಬರುತ್ತೆ, ನೋಟಿಸು ಕೊಟ್ಟು, ಅಳತೆ ಮಾಡಿ, ಕಲ್ಲು ನೆಟ್ಟು. ಸೂಪಾ ನೋಡಬೇಕು ಅನ್ನೋರಿಗೆ ಸಮಯ ಇತ್ತು. ಹೋಗಿ ಹೇಳಿ ಬಂದವರೂ ಇದ್ದರು, ಆಯಿ ಹೋಗಿದ್ದಳು. ಹಾಗಂತ ಅವಳ ಹಳಹಳಿ ಕಡಿಮೆ ಆಯಿತಾ? ನಾನು ಕಂಡಂತೆ ಇಲ್ಲ. ಕೊನೆಯ ಸಲ ಹೋದಾಗ ಏನೂ ಸರಿಯಾಗಿ ಕಾಣಲೇ ಇಲ್ಲ ಅನ್ನೋಳು. ಮನೆ ಮನೆಯಲ್ಲಿ ಹಂಚು ಇಳಿಸುತ್ತಿದ್ದರಂತೆ, ಬಾಗಿಲು ಕಿತ್ತಿದ್ದರಂತೆ. ಕೊನೆಯ ಸಲ ಅಂತ ಗೊತ್ತಿದ್ದು ನೋಡೋದಕ್ಕೆ ಹೋದರೆ ಕೊನೆಯೇ ಕಾಣೋದು, ಊರು ಕಾಣೋದಿಲ್ಲ.

ಚಿಕ್ಕಜ್ಜಿ ಈಗಲೂ ರಾಮನಗರದಲ್ಲಿದ್ದಾಳೆ. ಮನೆಯ ಬಾಗಿಲ ಚೌಕಟ್ಟು ಸೂಪಾದಿಂದ ತಂದದ್ದು. ಉಳಿದ ಮನೆಯೆಲ್ಲ ಹೊಸದು, ಎತ್ತರ, ಚೌಕಟ್ಟು ಮಾತ್ರ ಗಿಡ್ಡ. ಹೊಸಬರು ಬಂದರೆ ತಲೆ ಬಡಿಸಿಕೊಳ್ಳದೇ ಒಳಗೆ ಹೋಗೋದಿಲ್ಲ. ಒಮ್ಮೆ ಹೋದಾಗ, ಊರು ನೋಡಲಿಕ್ಕೆ ಆಗಲೇ ಇಲ್ಲ ನೋಡು ಅಂತ ಆಕೆಯ ಮುಂದೆ ಹಲುಬಿದೆ. ಆಕೆ ಅಡಿಕೆ ಕತ್ತರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನೋಡಾಕ ಏನಿತ್ತೋ ಅಲ್ಲಿ? ಅದು ನೋಡೋ ಊರಲ್ಲ ತಮ್ಮಾ, ಇರೋ ಊರು."

ನನ್ನ ಹಳಹಳಿಯ ಅರ್ಧ ಗಾಳಿ ಅಲ್ಲೇ ಹೋಯಿತು. ನಾನು ಇಷ್ಟು ದಿನ ಸೂಪಾವನ್ನು ಪಟ್ಟಿಯಲ್ಲಿ ತಪ್ಪಿದ ಒಂದು ಜಾಗದ ಹಾಗೆ ಎಣಿಸಿದ್ದೆ. ಆಕೆಗೆ ಅದು ನೀರು ಹೊತ್ತ, ಹೆತ್ತ, ಜಗಳ ಆಡಿದ ಜಾಗ. ನನಗೆ ಒಂದು ನೋಟ ತಪ್ಪಿರಬಹುದು, ಆಕೆಗೆ ನಲವತ್ತು ವರ್ಷದಿಂದ ಪ್ರತಿ ಬೆಳಿಗ್ಗೆ ತಪ್ಪುತ್ತಿದೆ. ಎರಡನ್ನೂ ಒಂದೇ ಮಾತಿನಲ್ಲಿ ಹೇಳೋಕೆ ಬರೋದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಕಷ್ಟದ್ದು. ಸೂಪಾ ಜಲಾಶಯದಲ್ಲಿ ಸುಮಾರು 147 ಟಿಎಂಸಿ ನೀರು ನಿಲ್ಲುತ್ತೆ. ಅಣೆಕಟ್ಟಿನ ಬುಡದಲ್ಲೇ 100 ಮೆಗಾವ್ಯಾಟ್ ಕರೆಂಟು. ಅದೇ ನೀರು ಮುಂದೆ ಬೊಮ್ಮನಹಳ್ಳಿಗೆ ಹೋಗಿ, ಸುರಂಗದಲ್ಲಿ ಇಳಿದು ನಾಗಝರಿಯಲ್ಲಿ ತಿರುಗಾಣಿ ತಿರುಗಿಸಿ, ಕೊಡಸಳ್ಳಿ, ಕದ್ರಾ ದಾಟಿ ಕಾರವಾರದಲ್ಲಿ ಸಮುದ್ರ ಸೇರುತ್ತೆ. ಗ್ರಿಡ್‌ನಲ್ಲಿ ಯಾವ ಯೂನಿಟ್ಟು ಎಲ್ಲಿಯದು ಅಂತ ಬೇರೆ ಮಾಡೋಕಾಗಲ್ಲ, ನಿಜ. ಆದರೂ ನಾನು ಎಸ್ಸೆಸ್ಸೆಲ್ಸಿ ಓದಿದ ಬಲ್ಬು, ಬಿಇ ಮುಗಿಸಿದ ಹಾಸ್ಟೆಲಿನ ಟ್ಯೂಬ್‌ಲೈಟು, ಈಗ ಕೂತು ಕೋಡ್ ಬರೆಯುವ ಲ್ಯಾಪ್‌ಟಾಪು, ಇವಕ್ಕೂ ಆ ನೀರಿಗೂ ಸಂಬಂಧ ಇಲ್ಲ ಅಂತ ಹೇಳಲಾರೆ. ಜೋಯಿಡಾದ ಕಾಡಿನೊಳಗಿನ ಎಷ್ಟೋ ಕೇರಿಗಳಿಗೆ ಕರೆಂಟು ಬರೋಕೆ ಆಮೇಲೂ ವರ್ಷಗಟ್ಟಲೆ ಬೇಕಾಯಿತು ಅನ್ನೋದು ಬೇರೆ ಮಾತು. ಬೆಂಗಳೂರಲ್ಲಿ ದಾಂಡೇಲಿ ಕಡೆಯವನು ಅಂದರೆ ಸಾಕು, "ಓ, ರಾಫ್ಟಿಂಗ್!" ಅಂತಾರೆ. ಗಣೇಶಗುಡಿಯಲ್ಲಿ ಆ ದೋಣಿ ಕುಣಿಯೋದು ಸೂಪಾದಿಂದ ಬಿಡೋ ನೀರಿನಲ್ಲೇ.

ಕಾಠ್ಮಂಡು ಬಿದ್ದದ್ದರಿಂದ ಗೆಳೆಯನಿಗೆ ಏನೂ ಸಿಗಲಿಲ್ಲ, ಅವನ ದುಃಖ ಶುದ್ಧ. ನನ್ನದು ಹಾಗಲ್ಲ. ಬರ್ನಾರ್ಡ್ ವಿಲಿಯಮ್ಸ್ ಅನ್ನೋ ಇಂಗ್ಲಿಷ್ ತತ್ವಜ್ಞಾನಿ ಒಬ್ಬ ಲಾರಿ ಡ್ರೈವರನ ಉದಾಹರಣೆ ಕೊಡುತ್ತಾನೆ. ಡ್ರೈವರನದು ಏನೂ ತಪ್ಪಿಲ್ಲ, ಆದರೂ ಮಗುವೊಂದು ಲಾರಿಗೆ ಸಿಕ್ಕಿ ಸಾಯುತ್ತೆ. ನೋಡುತ್ತ ನಿಂತವರಿಗೂ ದುಃಖ ಆಗುತ್ತೆ, ಡ್ರೈವರನಿಗೂ ಆಗುತ್ತೆ, ಎರಡೂ ಒಂದೇ ಅಲ್ಲ, ಅವನ ದುಃಖದಲ್ಲಿ ಅವನ ಕೈ ಇದೆ ಅಂತಾನೆ. ಸೂಪಾದ ವಿಷಯದಲ್ಲಿ ನಾನು ಡ್ರೈವರನೂ ಅಲ್ಲ, ನೋಡುತ್ತ ನಿಂತವನೂ ಅಲ್ಲ. ಆ ಲಾರಿಯ ಹಿಂದೆ ಕೂತು ಊರು ಸೇರಿದವನು. ಅಂಥವನ ದುಃಖಕ್ಕೆ ವಿಲಿಯಮ್ಸ್ ಹೆಸರು ಕೊಟ್ಟ ಹಾಗಿಲ್ಲ. "ಸೂಪಾ ಇರಬೇಕಿತ್ತು" ಅಂತ ನಾನು ಪೂರ್ತಿ ಮನಸ್ಸಿನಿಂದ ಹೇಳಬೇಕಾದರೆ ಆ ಬಲ್ಬನ್ನೂ ವಾಪಸ್ ಕೊಡಬೇಕು. ಕೊಡ್ತೀನಿ ಅಂತ ಹೇಳೋದು ಸುಲಭ, ಯಾರೂ ಕೇಳೋದಿಲ್ಲವಲ್ಲ.

ಮುಂಡಗೋಡದ ಟಿಬೆಟಿಯನ್ ಕಾಲೋನಿಯ ಹುಡುಗನೊಬ್ಬ ಕಾಲೇಜಿನಲ್ಲಿ ನನ್ನ ಜೊತೆಗಿದ್ದ. ಆ ಕಾಲೋನಿ 1966ರಲ್ಲಿ ಶುರುವಾದದ್ದು. ಅವನೂ ಮುಂಡಗೋಡದಲ್ಲೇ ಹುಟ್ಟಿದವನು, ನಮ್ಮ ಹಾಗೇ ಕನ್ನಡದಲ್ಲಿ ಬೈಯುತ್ತಿದ್ದ. ಲಾಸಾದ ಮಾತು ಬಂದರೆ ಮಾತ್ರ "ವಾಪಸ್ ಹೋದಾಗ" ಅನ್ನೋನು. ಒಮ್ಮೆಯೂ ಕಾಣದ ಊರಿಗೆ ವಾಪಸ್ ಹೋಗೋದು! ಆಗ ನಗು ಬಂದಿತ್ತು. ಈಗ ಅನ್ನಿಸುತ್ತೆ, "ನೋಡಲಿಲ್ಲ" ಅನ್ನೋ ನನ್ನ ಮಾತಿಗಿಂತ ಅವನ "ವಾಪಸ್" ದೊಡ್ಡದು. ಅವನು ಲಾಸಾವನ್ನು ಪ್ರವಾಸಿಯ ಹಾಗೆ ಬಯಸಲಿಲ್ಲ, ಚಿಕ್ಕಜ್ಜಿಯ ಹಾಗೆ ಬಯಸಿದ.

ಹಾಗೇ, ನೋಡಿದ್ದೇವೆ ಅಂತ ನಾವು ಅಂದುಕೊಳ್ಳೋದರ ಬಗ್ಗೆಯೂ ಒಂದು ಮಾತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಯೊಳಗೆ ಬಿತ್ತು. ಲಾರಿಯವರು ನಿಲ್ಲಿಸುತ್ತಿದ್ದ ಚಹಾದಂಗಡಿ, ಅದರಲ್ಲಿದ್ದ ಮನೆಮಂದಿ ಸಮೇತ ಹೋಯಿತು. ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಆ ರಸ್ತೆಯಲ್ಲಿ ನಮ್ಮ ಜಿಲ್ಲೆಯವರು ಓಡಾಡದವರು ಯಾರು? ಸುದ್ದಿ ಬಂದಾಗ ಅಲ್ಲಿ ಅಂಗಡಿಯ ಎದುರು ಏನಿತ್ತು, ಗುಡ್ಡ ಎಷ್ಟು ಹತ್ತಿರ ಇತ್ತು ಅಂತ ನಮ್ಮ ಮನೆಯಲ್ಲಿ ನಾಲ್ಕು ಜನ ನಾಲ್ಕು ಥರ ಹೇಳಿದರು. ಎಲ್ಲರೂ ಹತ್ತಾರು ಸಲ ದಾಟಿದವರೇ. ಶಿರೂರು ನೋಡಬೇಕಿತ್ತು ಅಂತ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಗೋಪುರ ಇದ್ದ ಊರಿಗೆ ಆ ಮಾತು ಸಲೀಸಾಗಿ ಬರುತ್ತೆ, ಚಹಾದಂಗಡಿ ಇದ್ದ ಊರಿಗೆ ಬರೋದಿಲ್ಲ.

ಈಗ ರಾಮನಗರಕ್ಕೆ ಹೋದಾಗಲೆಲ್ಲ ಫೋನಿನಲ್ಲಿ ಚಿಕ್ಕಜ್ಜಿಯ ಮಾತು ರೆಕಾರ್ಡ್ ಮಾಡ್ತೀನಿ. ಯಾರ ಮನೆ ಆದ ಮೇಲೆ ಯಾರ ಮನೆ, ಹೊಳೆಗೆ ಇಳಿಯೋ ದಾರಿ ಯಾವುದು, ಬಸ್ಸು ತಿರುಗುತ್ತಿದ್ದದ್ದು ಎಲ್ಲಿ. ಸೂಪಾದವರೇ ಆದ ಪಕ್ಕದ ಮನೆಯ ಇಬ್ಬರು ಹಿರಿಯರೂ ಬಂದು ಕೂರುತ್ತಾರೆ. ಹೋದ ಸಲ ಪೋಸ್ಟಾಫೀಸು ದಾರಿಯ ಎಡಕ್ಕಿತ್ತೋ ಬಲಕ್ಕಿತ್ತೋ ಅಂತ ಮೂವರಿಗೂ ಜಗಳ ಹತ್ತಿತು. ಚಿಕ್ಕಜ್ಜಿ ಎಡಕ್ಕೆ ಅಂತಾಳೆ, ಅವರಿಬ್ಬರೂ ಬಲಕ್ಕೆ. ಹೊಳೆ ಕಡೆಯಿಂದ ಬಂದರೋ ಗುಡ್ಡದ ಕಡೆಯಿಂದ ಬಂದರೋ ಅಂತ ಕೇಳಿದೆ, ಅದಕ್ಕೂ ಜಗಳ ಆಯಿತು. ಪಟ್ಟಿಯಲ್ಲಿ ಎರಡೂ ಬರೆದುಕೊಂಡಿದ್ದೀನಿ.