ಉಪವಾಸವೂ ತಕ್ಕಡಿಯೂ

ದಶಲಕ್ಷಣ ಪರ್ವದ ದಿನಗಳಲ್ಲಿ ಬಸದಿಯ ಜಗಲಿಯ ಮೇಲೆ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: "ತಮ್ಮದು ಈ ಸಲ ಎಷ್ಟು ಉಪವಾಸ?" ಭಾದ್ರಪದ ಶುದ್ಧ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ಹತ್ತು ದಿನವೂ ನಿರಾಹಾರರಾಗಿರುವವರು ನಮ್ಮಲ್ಲಿದ್ದಾರೆ, ಏಕಭುಕ್ತದಲ್ಲಿರುವವರಿದ್ದಾರೆ, ಒಂದು ರಸವನ್ನು ಮಾತ್ರ ತ್ಯಜಿಸುವವರೂ ಇದ್ದಾರೆ. ಪ್ರಶ್ನೆಯು ಕುಶಲೋಪರಿಯಂತೆ ತೋರಿದರೂ ಅದರೊಳಗೊಂದು ತಕ್ಕಡಿ ಅಡಗಿರುತ್ತದೆ. ಮಧುಮೇಹದ ನಿಮಿತ್ತ ಹೊತ್ತುಹೊತ್ತಿಗೆ ಉಣ್ಣಲೇಬೇಕಾದ ವೃದ್ಧರೊಬ್ಬರು ಈ ಪ್ರಶ್ನೆಗೆ ಅಂಜಿ, ಪೂಜೆ ಮುಗಿದೊಡನೆ ಪಕ್ಕದ ಬಾಗಿಲಿನಿಂದ ಹೊರಟುಹೋಗುತ್ತಿದ್ದರು. ಹಾಗೆ ಕೇಳಿದವರಲ್ಲಿ ನಾನೂ ಒಬ್ಬ.

ಶಾಸ್ತ್ರವು ಈ ತಕ್ಕಡಿಯನ್ನು ನಮ್ಮ ಕೈಗೆ ಕೊಟ್ಟಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ ಆರು ಬಾಹ್ಯ ತಪಸ್ಸುಗಳಲ್ಲಿ ಅನಶನವು ಒಂದು ಮಾತ್ರ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವೂ ರಸಪರಿತ್ಯಾಗವೂ ಅದರೊಡನೆಯೇ ಇವೆ. ಷೋಡಶ ಭಾವನೆಗಳಲ್ಲಿಯೂ ತಪಸ್ಸಿಗೆ ಶಕ್ತ್ಯನುಸಾರವೆಂಬ ವಿಶೇಷಣವುಂಟು. ಶಕ್ತಿಯಿದ್ದೂ ಅದನ್ನು ಮರೆಸುವುದು ದೋಷವೇ ಸರಿ. ಆದರೆ ಮರೆಸಿದ್ದೇನೆಯೆ ಎಂಬುದನ್ನು ಅರಿಯಬಲ್ಲವನು ಆ ಜೀವನೇ ಹೊರತು ಜಗಲಿಯ ಮೇಲೆ ಕುಳಿತವನಲ್ಲ. ವಯಸ್ಸು, ದೇಹಸ್ಥಿತಿ, ಕರ್ಮೋದಯ ಒಬ್ಬೊಬ್ಬರದು ಒಂದೊಂದು ಬಗೆ. ನೆರೆಯವನ ಶಕ್ತಿಗೆ ನನ್ನ ಹೊಟ್ಟೆ ಅಳತೆಯಾದೀತೆ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲ, ಐಶ್ವರ್ಯಗಳ ಜೊತೆಗೆ ತಪಸ್ಸಿನ ಮದವೂ ಸೇರಿದೆ. ಸಹಧರ್ಮಿಯನ್ನು ಹೀನವಾಗಿ ಕಂಡವನಿಂದ ಧರ್ಮಕ್ಕೇ ಅವಮಾನವಾಗುತ್ತದೆಂಬುದು ಅವರ ಎಚ್ಚರಿಕೆ. ಅನ್ನವನ್ನು ಬಿಟ್ಟು ಮಾನಕಷಾಯವನ್ನು ಉಣ್ಣತೊಡಗಿದರೆ ನಿರ್ಜರೆಯೆಲ್ಲಿಯದು? ಹಳೆಯ ಕರ್ಮ ಕಳಚುವ ಬದಲು ಹೊಸದು ಬಂದು ಕಟ್ಟಿಕೊಳ್ಳುತ್ತದೆ.

ಶ್ವೇತಾಂಬರ ಪರಂಪರೆಯಲ್ಲಿ ಕೂರಗಡು ಮುನಿಯ ಕಥೆಯಿದೆ. (ಅಲ್ಲಿಂದ ಕಥೆ ತರುವುದೇಕೆಂದು ಕೇಳುವವರಿಗೆ ಈ ಲೇಖನದ ವಿಷಯವೇ ಉತ್ತರ.) ಹಸಿವನ್ನು ತಾಳಲಾರದ ಆತ ಪರ್ವದಿನದಲ್ಲಿಯೂ ಭಿಕ್ಷೆ ತಂದು, ತಿಂಗಳುಗಟ್ಟಲೆ ಉಪವಾಸವಿದ್ದ ಹಿರಿಯ ಮುನಿಗಳಿಗೆ ವಿನಯದಿಂದ ತೋರಿಸಿದನು. ಅವರು ತಿರಸ್ಕಾರದಿಂದ ಆ ಪಾತ್ರೆಯಲ್ಲಿ ಉಗುಳಿದರು. ಆತ ಕ್ರೋಧಗೊಳ್ಳದೆ, ತಪಸ್ವಿಗಳನ್ನು ನಿಂದಿಸದೆ, ತನ್ನ ಕೊರತೆಯನ್ನೇ ಚಿಂತಿಸುತ್ತ ಆ ಅನ್ನದ ಮುಂದೆ ಕುಳಿತಿರುವಾಗಲೇ ಕೇವಲಜ್ಞಾನವನ್ನು ಪಡೆದನು. ಉಪವಾಸವು ವ್ಯರ್ಥವೆಂದು ಈ ಕಥೆ ಹೇಳುವುದಿಲ್ಲ. ಹಾಗೆ ಓದಿದರೆ ಉಂಡವನ ಮದಕ್ಕೆ ದಾರಿಯಾದೀತು.

ಒಂದು ವರ್ಷ ಕ್ಷಮಾವಣಿಯಂದು ಆ ವೃದ್ಧರ ಮನೆಗೆ ಹೋಗಿ ಕೈಮುಗಿದೆನು. ಅವರೂ ಕೈಮುಗಿದು, ಒಳಗೆ ಕರೆದು, ತಮ್ಮೊಡನೆ ಊಟಕ್ಕೆ ಕುಳ್ಳಿರಿಸಿಕೊಂಡರು. ಅವರದು ಯಾವ ನಿಯಮವೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.