ಡೊಂಕು ಅಂಗಳದ ಸ್ಥಳ ಮಹಜರು

‘ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ.’

ಈ ಗಾದೆಯನ್ನು ಕುಣಿಯುತ್ತಿರುವವರ ಬಾಯಲ್ಲಿ ಯಾರೂ ಕೇಳಿರಲಾರರು. ಇದು ಜಗಲಿಯ ಮೇಲೆ ಕೂತವರ ಗಾದೆ. ಕಾಲು ಚಾಚಿ, ಬೆನ್ನಿಗೆ ಗೋಡೆ ಕೊಟ್ಟು, ಕೈಯಲ್ಲೊಂದು ಕಾಫಿ ಲೋಟ ಹಿಡಿದವರಿಗೆ ಮಾತ್ರ ಇದು ಸಲೀಸಾಗಿ ಬಾಯಿಗೆ ಬರುತ್ತದೆ. ಸೋತ ತಂಡದ ಕ್ಯಾಪ್ಟನ್ ಟಿ.ವಿ.ಯಲ್ಲಿ ಮೈಕಿನ ಮುಂದೆ ನಿಂತು ‘ಪಿಚ್ ಸ್ವಲ್ಪ...’ ಎಂದು ಬಾಯಿ ತೆರೆಯುವುದೇ ತಡ, ಸೋಫಾದಲ್ಲಿ ಕೂತವರು ಗಾದೆಯನ್ನು ಹೇಳಿ ಮುಗಿಸಿರುತ್ತಾರೆ. ಕ್ಯಾಪ್ಟನ್ನನ ವಾಕ್ಯ ಕೊನೆಗೂ ಏನಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ಹಳಬರ ಬಾಯಲ್ಲಿ ಈ ಗಾದೆ ಇನ್ನೂ ಒರಟಾಗಿತ್ತು. ‘ಕುಣಿಯಲಾರದ’ ಎಂಬುದರ ಬೆನ್ನಿಗೇ ಬರುತ್ತಿದ್ದ ಬೈಗುಳವನ್ನು ಮಕ್ಕಳ ಪಠ್ಯಪುಸ್ತಕದಲ್ಲಿ ಅಚ್ಚು ಹಾಕುವಂತಿಲ್ಲವಾದ್ದರಿಂದ ಅದು ಉದುರಿಹೋಗಿ ಬರೀ ‘ಅವಳು’ ಉಳಿದಿದ್ದಾಳೆ. ಬೈಗುಳ ಹೋಯಿತು, ಆರೋಪ ಮಾತ್ರ ಹೆಂಗಸಿನ ಮೇಲೇ ನಿಂತಿತು. ನಾನು ಕಂಡಂತೆ ಅಂಗಳದ ಮೇಲೆ ದೂರು ಹೊತ್ತು ತರುವವರಲ್ಲಿ ಹೆಚ್ಚಿನವರು ಗಂಡಸರೇ. ನಮ್ಮ ಅಪಾರ್ಟ್‌ಮೆಂಟಿನ ಬ್ಯಾಡ್ಮಿಂಟನ್ ಬಳಗವನ್ನೇ ನೋಡಿ. ಒಬ್ಬರಿಗೆ ದೀಪ ಕಣ್ಣಿಗೆ ಹೊಡೆಯುತ್ತದೆ, ಇನ್ನೊಬ್ಬರಿಗೆ ಗಾಳಿ ಯಾವಾಗಲೂ ಎದುರಾಳಿಯ ಕಡೆಯಿಂದಲೇ ಬೀಸುತ್ತದೆ. ಮೂರನೆಯವರು, ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಸೋತ ದಿನ ಷಟಲ್ ಕಾಕನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ಗರಿಯನ್ನು ಖೋಟಾ ನೋಟಿನಂತೆ ಪರೀಕ್ಷಿಸುತ್ತಾರೆ. ಗೆದ್ದ ದಿನ ಅದೇ ಕಾಕು, ಅದೇ ದೀಪ, ಅದೇ ಗಾಳಿ ಯಾರ ಗಮನಕ್ಕೂ ಬರುವುದಿಲ್ಲ. ಹಾಗೆ ನೋಡಿದರೆ ಗಾದೆ ಸುಳ್ಳಲ್ಲ.

ಸುತ್ತಮುತ್ತಲಿನ ಭಾಷೆಗಳಲ್ಲೂ ಈ ದೂರುದಾರಳಿದ್ದಾಳೆ. ಹಿಂದಿಯವಳು ನಮ್ಮವಳಂತೆ ಅಂಗಳವನ್ನೇ ಹಿಡಿದುಕೊಂಡಿದ್ದಾಳೆ. ತಮಿಳಿನವಳು ಒಳಗೆ ಹೋಗಿ ಹಜಾರ ಸೊಟ್ಟಗಿದೆ ಅನ್ನುತ್ತಾಳೆ. ತೆಲುಗಿನವಳು ಮಾತ್ರ ಬಲು ಚುರುಕು. ನೆಲದ ಗೊಡವೆಗೇ ಹೋಗದೆ, ಮದ್ದಳೆಯೇ ಸರಿಯಿಲ್ಲ ಎಂದುಬಿಟ್ಟಳು. ಇದರಲ್ಲಿ ಜಾಣತನವಿದೆ. ಅಂಗಳ ಡೊಂಕೋ ಅಲ್ಲವೋ ಎಂದು ಯಾರು ಬೇಕಾದರೂ ಬಗ್ಗಿ ನೋಡಬಹುದು. ಮದ್ದಳೆ ಸರಿಯಿದೆಯೇ ಇಲ್ಲವೇ ಎಂದು ಹೇಳಲು ಕಿವಿ ಬೇಕು. ಜೊತೆಗೆ, ತಪ್ಪು ಪಕ್ಕದಲ್ಲಿ ಕೂತ ಇನ್ನೊಬ್ಬ ಕಲಾವಿದನ ತಲೆಗೆ ಹೋಗುತ್ತದೆ. ಸಂಗೀತ ಕಚೇರಿಗಳ ಒಳಮನೆ ಬಲ್ಲವರಿಗೆ ಈ ವಿದ್ಯೆ ಹೊಸದೇನಲ್ಲ.

ನನಗೆ ಈ ಗಾದೆಯ ಬಗ್ಗೆ ಇರುವ ಅಸಮಾಧಾನ ಬೇರೆ. ನಾಲ್ಕು ಭಾಷೆಯವರು ನಕ್ಕರು. ಒಬ್ಬರಾದರೂ ಎದ್ದು ಹೋಗಿ ಅಂಗಳ ನೋಡಿಬಂದರೇ? ಗಾರೆ ಕೆಲಸದವರ ರಸಮಟ್ಟ ತಂದು ನೆಲದ ಮೇಲಿಟ್ಟರೇ? ಪೊಲೀಸರು ಸಹ ಸ್ಥಳ ಮಹಜರು ಮಾಡದೆ ಕೇಸು ಮುಂದುವರಿಸುವುದಿಲ್ಲ. ಇಲ್ಲಿ ದೂರು ಕೊಟ್ಟವಳನ್ನೇ ಅಪರಾಧಿ ಮಾಡಿ ಮನೆಗೆ ಕಳಿಸಿದ್ದಾಯಿತು.

ಅಂಗಳ ನಿಜಕ್ಕೂ ಡೊಂಕಾಗಿರಬಹುದು. ಕ್ರಿಕೆಟ್ಟಿನ ಕಾಶಿ ಎಂದು ಹೆಸರಾದ ಲಂಡನ್ನಿನ ಲಾರ್ಡ್ಸ್ ಮೈದಾನವೇ ಡೊಂಕು. ಅದರ ಒಂದು ಬದಿ ಇನ್ನೊಂದಕ್ಕಿಂತ ಸುಮಾರು ಎರಡೂವರೆ ಮೀಟರ್ ಎತ್ತರದಲ್ಲಿದೆ. ಆಳು ನಿಂತು ಕೈ ಎತ್ತಿದಷ್ಟು ಎತ್ತರ! ಇಳಿಜಾರು ಪಿಚ್ಚಿಗೆ ಅಡ್ಡಲಾಗಿ ಹಾದುಹೋಗುತ್ತದೆ. ಪೆವಿಲಿಯನ್ ಕಡೆಯಿಂದ ಎಸೆದ ಚೆಂಡು ಬಲಗೈ ಬ್ಯಾಟ್ಸ್‌ಮನ್ನನ ಒಳಕ್ಕೆ ನುಗ್ಗುತ್ತದೆ, ಎದುರಿನ ನರ್ಸರಿ ಕಡೆಯಿಂದ ಎಸೆದದ್ದು ಹೊರಕ್ಕೆ ಜಾರುತ್ತದೆ. ನಮ್ಮ ಬಡಾವಣೆಯಲ್ಲಿ ಇಂಥ ನಿವೇಶನ ಮಾರಿದ್ದರೆ ಕೋರ್ಟಿಗೆ ಹೋಗುತ್ತಿದ್ದೆವು. ಅವರು ಅದನ್ನು ಪರಂಪರೆ ಎಂದು ಕರೆದು ಟಿಕೆಟ್ ಮಾರುತ್ತಾರೆ.

1996ರ ಜೂನ್‌ನಲ್ಲಿ ಈ ಇಳಿಜಾರಿನ ಮೇಲೆ ಇಬ್ಬರು ಬೆಂಗಳೂರಿಗರು ಮೊದಲ ಸಲ ಟೆಸ್ಟ್ ಆಡಿದರು. ವೆಂಕಟೇಶ್ ಪ್ರಸಾದ್ 76 ರನ್ ಕೊಟ್ಟು ಐದು ವಿಕೆಟ್ ಕಿತ್ತರು. ರಾಹುಲ್ ದ್ರಾವಿಡ್‌ಗೆ ಅದು ಚೊಚ್ಚಲ ಟೆಸ್ಟ್, 95ಕ್ಕೆ ಔಟಾದರು. ಐದೇ ಐದು ರನ್ ಬಂದಿದ್ದರೆ ಅಲ್ಲಿನ ಡ್ರೆಸಿಂಗ್ ರೂಮಿನ ಗೌರವ ಫಲಕದ ಮೇಲೆ ಹೆಸರು ಬರೆಯುತ್ತಿದ್ದರು. ನಾವು ಟಿ.ವಿ. ಮುಂದೆ ಕೂತು ಲಾರ್ಡ್ಸ್‌ನ ಇಳಿಜಾರು, ಇಂಗ್ಲೆಂಡಿನ ಮೋಡ, ಅಂಪೈರ್, ಗ್ರಹಚಾರ ಎಲ್ಲವನ್ನೂ ಶಪಿಸಿದೆವು. ಆಡಿದವರು ಬ್ಯಾಟನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. 2011ರಲ್ಲಿ, ಹದಿನೈದು ವರ್ಷದ ನಂತರ, ಅದೇ ಡೊಂಕು ನೆಲದಲ್ಲಿ ಔಟಾಗದೆ 103 ಬಾರಿಸಿ ಫಲಕದಲ್ಲಿ ಹೆಸರು ಬರೆಸಿಕೊಂಡರು. ಈ ಹದಿನೈದು ವರ್ಷದಲ್ಲಿ ಇಳಿಜಾರು ಒಂದು ಅಂಗುಲವೂ ತಗ್ಗಿರಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣಕ್ಕೇ ಬನ್ನಿ. 1987ರ ಮಾರ್ಚ್, ಪಾಕಿಸ್ತಾನದ ವಿರುದ್ಧದ ಟೆಸ್ಟ್. ಮೊದಲ ದಿನದಿಂದಲೇ ಚೆಂಡು ಎಲ್ಲೋ ಬಿದ್ದು ಇನ್ನೆಲ್ಲೋ ಏಳುತ್ತಿತ್ತು. ಮಣಿಂದರ್ ಸಿಂಗ್ 27 ರನ್ನಿಗೆ ಏಳು ವಿಕೆಟ್ ತೆಗೆದು ಪಾಕಿಸ್ತಾನವನ್ನು 116ಕ್ಕೆ ಕೆಡವಿದರು. ನಮ್ಮವರು ತಿರುಗಿ 145ಕ್ಕೆ ಕುಸಿದರು. ಕೊನೆಗೆ ಗೆಲ್ಲಲು 221 ಬೇಕಿತ್ತು. ಆ ಪಿಚ್ಚಿನಲ್ಲಿ ಯಾರು ಔಟಾದರೂ ‘ಅಂಗಳ ಡೊಂಕು’ ಎನ್ನುವ ಪೂರ್ತಿ ಹಕ್ಕು ಅವರಿಗಿತ್ತು. ಸುನಿಲ್ ಗಾವಸ್ಕರ್ ಅದರ ಮೇಲೆ 96 ಹೊಡೆದರು. ಭಾರತ 204ಕ್ಕೆ ಮುಗಿಯಿತು, 16 ರನ್ನಿನ ಸೋಲು. ಗಾವಸ್ಕರ್‌ಗೆ ಅದೇ ಕೊನೆಯ ಟೆಸ್ಟ್. ಸರಿಯಾದ ನೆಲದ ಮೇಲೆ ಹೊಡೆದ ಎಷ್ಟೋ ಇನ್ನೂರುಗಳನ್ನು ಮರೆತವರು ಈ ತೊಂಬತ್ತಾರನ್ನು ಇವತ್ತಿಗೂ ಎಣಿಸುತ್ತಾರೆ. ನೆಲ ಎಷ್ಟು ಕೆಟ್ಟಿತ್ತು ಎಂದು ಗೊತ್ತಿದ್ದರೆ ತಾನೇ ಕುಣಿತದ ಬೆಲೆ ತಿಳಿಯುವುದು! ಗಾದೆಯನ್ನು ನಂಬಿ ‘ಅಂಗಳದ ಮಾತೇ ಎತ್ತಬೇಡಿ’ ಎಂದು ಕೂತಿದ್ದರೆ ಆ 96 ಬರೀ ಒಂದು ಅಂಕಿಯಾಗಿ ಉಳಿಯುತ್ತಿತ್ತು.

ನಿಜವಾದ ಕುಣಿತದ ಮಾತಿಗೆ ಬರೋಣ. ಕರಾವಳಿಯ ಕಡೆ ಹುಟ್ಟಿದವರಿಗೆ ಡೊಂಕು ಅಂಗಳವೆಂದರೆ ಬಯಲಾಟದ ಗದ್ದೆ. ಕೊಯ್ಲು ಮುಗಿದು ದೀಪಾವಳಿ ಕಳೆಯುತ್ತಿದ್ದ ಹಾಗೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ತೆಂಕುತಿಟ್ಟಿನವರು ಗೆಜ್ಜೆ ಬಿಚ್ಚುವುದು ಮೇ ತಿಂಗಳ ಪತ್ತನಾಜೆಯ ದಿನ. ನಡುವೆ ಅಷ್ಟೂ ರಾತ್ರಿ ಬೇರೆ ಬೇರೆ ಊರಿನ ಬೇರೆ ಬೇರೆ ನೆಲ. ಒಂದು ಕಡೆ ಕೂಳೆ ಕೆತ್ತಿಲ್ಲ, ಇನ್ನೊಂದು ಕಡೆ ಗದ್ದೆಯ ಅಂಚು ರಂಗಸ್ಥಳದ ನಡುವೆಯೇ ಹಾದಿದೆ, ಮತ್ತೊಂದು ಕಡೆ ಮಂಜು ಬಿದ್ದು ಹಲಗೆ ಜಾರುತ್ತದೆ. ಬಡಗುತಿಟ್ಟಿನವರು ಮೊಣಕಾಲೂರಿ ಗಿರ್ರನೆ ಮಂಡಿ ತಿರುಗುವುದನ್ನು ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ಆ ಮೊಣಕಾಲಿನ ಕೆಳಗೆ ಏನಿತ್ತು ಎಂದು ಚೌಕಿಗೆ, ಅಂದರೆ ಬಣ್ಣದ ಮನೆಗೆ, ಹೋಗಿ ಯಾರೂ ಕೇಳುವುದಿಲ್ಲ. ಸಂಜೆ ಬೇಗ ಹೋದವರು ಒಂದು ದೃಶ್ಯ ನೋಡಬಹುದು. ಬಣ್ಣಕ್ಕೆ ಕೂರುವ ಮೊದಲು ಅನುಭವಿ ವೇಷಧಾರಿ ಬರಿಗಾಲಲ್ಲಿ ರಂಗಸ್ಥಳವನ್ನು ಒಂದು ಸುತ್ತು ಬರುತ್ತಾನೆ. ಒಂದೆರಡು ಕಡೆ ಹಿಮ್ಮಡಿಯಿಂದ ತುಳಿದು ನೋಡುತ್ತಾನೆ. ‘ಇಲ್ಲಿ ತಗ್ಗುಂಟು’ ಎಂದು ಜೊತೆಯವರಿಗೆ ಹೇಳಿ ಚೌಕಿಗೆ ನಡೆಯುತ್ತಾನೆ. ಅಂಗಳ ಡೊಂಕು ಎಂದು ಮೊದಲು ಗೊತ್ತಾಗುವುದು ಕುಣಿಯಬಲ್ಲವನಿಗೆ. ಕುಣಿಯಲಾರದವರಿಗೆ ನೆಲದ ವಿಚಾರ ತಿಳಿಯುವುದು ಬಿದ್ದ ಮೇಲೆಯೇ.

ಸಂಗೀತದಲ್ಲಿ ಈ ಪರೀಕ್ಷೆ ಎಲ್ಲರ ಎದುರಿಗೇ ನಡೆಯುತ್ತದೆ. ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಕೂತಿದ್ದರೆ ನಿಮಗೂ ಗೊತ್ತಿರುತ್ತದೆ. ಮಧ್ಯಾಹ್ನ ಏಪ್ರಿಲ್ ಬಿಸಿಲು, ಸಂಜೆ ನಾಲ್ಕು ಹನಿ ಮಳೆ. ಮೃದಂಗವೋ ಚರ್ಮದ್ದು, ಮನುಷ್ಯರಿಗಿಂತ ಮೊದಲು ಅದಕ್ಕೆ ಹವೆ ತಾಗುತ್ತದೆ. ವಿದ್ವಾಂಸರು ಎಡಮುಖಕ್ಕೆ ರವೆಯ ಮುದ್ದೆ ಮೆತ್ತಿ, ಬಲಮುಖದ ಅಂಚನ್ನು ಕಲ್ಲಿನಿಂದ ಸುತ್ತಲೂ ತಟ್ಟುತ್ತ, ಕಿವಿಯನ್ನು ತಂಬೂರಿಯ ಕಡೆ ಕೊಟ್ಟು ಶ್ರುತಿ ಸೇರಿಸುತ್ತಾರೆ. ಒಂದು ಕೀರ್ತನೆ ಮುಗಿದರೆ ಮತ್ತೆ ಕಲ್ಲು ಕೈಗೆ ಬರುತ್ತದೆ. ಹಿಂದಿನ ಸಾಲಿನವರು ‘ಇನ್ನೂ ಶುರು ಮಾಡಿಲ್ಲವೇನ್ರೀ’ ಎಂದು ಗೊಣಗುತ್ತಾರೆ. ಇಲ್ಲಿ ಮದ್ದಳೆ ಸರಿಯಿಲ್ಲ ಎಂದು ಹೇಳಿದವನೇ ಕಲ್ಲು ಹಿಡಿದು ಸರಿಮಾಡಿಕೊಳ್ಳುತ್ತಾನೆ. ತೆಲುಗು ಗಾದೆಯವಳಿಗೆ ಯಾರಾದರೂ ಒಂದು ಕಲ್ಲು ಕೊಟ್ಟು ನೋಡಬೇಕಿತ್ತು.

ಪಿಟೀಲು ಚೌಡಯ್ಯನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೈಕುಗಳು ಬರುವ ಮುಂಚಿನ ಕಾಲ. ಗಂಡುಗಲಿ ಕಂಠದ ಗಾಯಕರ ಪಕ್ಕ ಕೂತು ನುಡಿಸಿದರೆ ನಾಲ್ಕು ತಂತಿಯ ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ಸಭಾಂಗಣ ದೊಡ್ಡದು, ಜನ ಗದ್ದಲ ಮಾಡುತ್ತಾರೆ, ಗಾಯಕರು ಬಿಟ್ಟುಕೊಡುವುದಿಲ್ಲ ಎಂದು ದೂರಬಹುದಿತ್ತು. ಅವರು ಇನ್ನೂ ಮೂರು ತಂತಿ ಏರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಈಗ ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಎದ್ದು ನಿಂತಿದೆ. ಸಭಾಂಗಣದ ಮೇಲೆ ದೂರು ಹೇಳದವರ ಹೆಸರಿಗೇ ಸಭಾಂಗಣ!

ಎಲ್ಲರೂ ಚೌಡಯ್ಯನವರಷ್ಟು ಸಜ್ಜನರಾಗಿರಬೇಕಿಲ್ಲ. 1972ರಲ್ಲಿ ಐಸ್‌ಲೆಂಡಿನ ರೇಕ್ಯವಿಕ್‌ನಲ್ಲಿ ಬಾಬಿ ಫಿಶರ್ ಮತ್ತು ಬೋರಿಸ್ ಸ್ಪಾಸ್ಕಿ ನಡುವೆ ನಡೆದ ವಿಶ್ವ ಚದುರಂಗ ಪಂದ್ಯವನ್ನು ನೆನೆಸಿಕೊಳ್ಳಿ. ಚದುರಂಗದಲ್ಲಿ ಅಂಗಳವೆಂದರೆ ಅರವತ್ನಾಲ್ಕು ಮನೆ, ಅದರಲ್ಲಿ ಡೊಂಕು ಹುಡುಕುವುದು ಸುಲಭವಲ್ಲ. ಫಿಶರ್ ಕ್ಯಾಮೆರಾಗಳನ್ನು ಹಿಡಿದುಕೊಂಡರು: ಸದ್ದು ಬರುತ್ತದೆ, ಗಮನ ಕೆಡುತ್ತದೆ. ಮೊದಲ ಆಟ ಸೋತರು, ಎರಡನೆಯದಕ್ಕೆ ಬರಲೇ ಇಲ್ಲ, ಆ ಅಂಕವೂ ಹೋಯಿತು. ಜಗತ್ತೆಲ್ಲ ತನ್ನ ತನ್ನ ಭಾಷೆಯ ಗಾದೆ ಹೇಳಿಕೊಂಡು ನಕ್ಕಿತು. ಮೂರನೆಯ ಆಟವನ್ನು ಪ್ರೇಕ್ಷಕರಿಲ್ಲದ, ವೇದಿಕೆಯ ಹಿಂದಿನ ಕೋಣೆಯಲ್ಲಿ ಆಡಲು ಸ್ಪಾಸ್ಕಿ ಒಪ್ಪಿಕೊಂಡರು. ದೊಡ್ಡ ಮನಸ್ಸು. ಫಿಶರ್ ಗೆದ್ದರು. ಸ್ಪಾಸ್ಕಿಯ ಮೇಲೆ ಅದು ಅವರ ಮೊಟ್ಟಮೊದಲ ಗೆಲುವು.

ತಿಂಗಳು ಕಳೆಯುವಷ್ಟರಲ್ಲಿ ಲೆಕ್ಕ ತಿರುಗಿತ್ತು. ಸ್ಪಾಸ್ಕಿ ಹಿಂದೆ ಬಿದ್ದರು, ಈಗ ದೂರು ಸೋವಿಯತ್ ಪಾಳೆಯದಿಂದ ಬಂತು: ಯಾವುದೋ ರಾಸಾಯನಿಕವೋ ವಿದ್ಯುತ್ ಸಾಧನವೋ ಬಳಸಿ ನಮ್ಮವನ ತಲೆ ಕೆಡಿಸುತ್ತಿದ್ದಾರೆ! ಸಂಘಟಕರು ಇದನ್ನೂ ಗಂಭೀರವಾಗಿಯೇ ತೆಗೆದುಕೊಂಡರು. ಕುರ್ಚಿಗಳಿಗೆ ಎಕ್ಸ್‌ರೇ ಆಯಿತು, ದೀಪದ ಗೂಡು ಬಿಚ್ಚಿದ್ದಾಯಿತು. ಸಿಕ್ಕಿದ್ದು ಎರಡು ಸತ್ತ ನೊಣ. ಪಂದ್ಯ ಫಿಶರ್ ಪರವಾಗಿ ಹನ್ನೆರಡೂವರೆ–ಎಂಟೂವರೆಯಲ್ಲಿ ಮುಗಿಯಿತು.

ಸ್ಥಳ ಮಹಜರು ಎಂದರೆ ಇದು. ಎರಡೂ ಕಡೆಯವರು ಅಂಗಳ ಡೊಂಕು ಎಂದರು, ಎರಡೂ ಸಲ ಅಂಗಳವನ್ನು ನೋಡಲಾಯಿತು. ಒಬ್ಬನಿಗೆ ನೆಲ ಬದಲಿಸಿಕೊಟ್ಟಾಗ ಕುಣಿದು ತೋರಿಸಿದ. ಇನ್ನೊಬ್ಬರ ದೂರು ನೊಣದಲ್ಲಿ ಕೊನೆಗೊಂಡಿತು. ನಮ್ಮ ಗಾದೆಗೆ ಇಲ್ಲದಿರುವುದು ಈ ಎರಡನೆಯ ಅಂಕವೇ. ಅಂಗಳ ಡೊಂಕು ಅಂದಳಂತೆ, ಸರಿ, ಆಮೇಲೆ? ಯಾರಾದರೂ ಒಂದು ಬುಟ್ಟಿ ಮಣ್ಣು ತಂದು ತಗ್ಗಿಗೆ ಸುರಿದು, ಸಗಣಿ ಸಾರಿಸಿ, ‘ಈಗ ಕುಣಿಯಮ್ಮ’ ಎಂದಿದ್ದರೆ ಅವಳ ಬಂಡವಾಳ ಅರ್ಧ ಗಂಟೆಯಲ್ಲಿ ಬಯಲಾಗುತ್ತಿತ್ತು. ಇಲ್ಲವೇ ಊರಿಗೊಬ್ಬ ಒಳ್ಳೆಯ ನರ್ತಕಿ ಸಿಗುತ್ತಿದ್ದಳು. ಎರಡರಲ್ಲಿ ಯಾವುದಾದರೂ ಲಾಭವೇ. ಜಗಲಿಯ ಮೇಲೆ ಕೂತವರಿಗೆ ಅಷ್ಟು ವ್ಯವಧಾನವಿಲ್ಲ. ಮಣ್ಣು ಹೊರುವುದಕ್ಕಿಂತ ಗಾದೆ ಹೇಳುವುದು ಹಗುರ.

ಅಡುಗೆಮನೆಯಲ್ಲಿ ಈ ಎರಡನೆಯ ಅಂಕ ದಿನವೂ ನಡೆಯುತ್ತದೆ, ಬರೆಯುವವರಿಲ್ಲ ಅಷ್ಟೆ. ದೋಸೆ ಏಳದಿದ್ದರೆ ನಾವು ‘ಕಾವಲಿ ಸರಿಯಿಲ್ಲ’ ಎನ್ನುತ್ತೇವೆ. ಅಮ್ಮ ಬಂದು ಅದೇ ಕಾವಲಿಗೆ ಅರ್ಧ ಈರುಳ್ಳಿ ಉಜ್ಜಿ, ಎಣ್ಣೆ ಸವರಿ, ಉರಿ ತಗ್ಗಿಸಿ ಹುಯ್ದರೆ ದೋಸೆ ಹೂವಿನಂತೆ ಏಳುತ್ತದೆ. ಕಾವಲಿ ಸರಿಯಿಲ್ಲ ಎಂಬುದು ಅಮ್ಮನಿಗೂ ಗೊತ್ತಿತ್ತು. ಅದಕ್ಕೇ ಈರುಳ್ಳಿ.

ಹಾಗಾಗಿ ಗಣೇಶೋತ್ಸವದ, ರಾಜ್ಯೋತ್ಸವದ, ಶಾಲಾ ವಾರ್ಷಿಕೋತ್ಸವದ ಸಂಘಟಕರಲ್ಲಿ ನನ್ನದೊಂದು ಕೋರಿಕೆ. ಡ್ರಮ್ಮುಗಳ ಮೇಲೆ ಹಲಗೆ ಹಾಸಿ, ಹಲಗೆಯ ಸಂದು ಕಾಣದಂತೆ ಕೆಂಪು ಜಮಖಾನ ಮುಚ್ಚಿ ನೀವು ಕಟ್ಟುವ ವೇದಿಕೆಯ ಮೇಲೆ ಪುಟ್ಟ ಮಕ್ಕಳು ಬರಿಗಾಲಲ್ಲಿ ಭರತನಾಟ್ಯ ಮಾಡುತ್ತಾರೆ. ಜಮಖಾನದ ಕೆಳಗೆ ಮೊಳೆ ಎದ್ದಿರುತ್ತದೆ, ಒಂದು ಹಲಗೆ ಕಾಲಿಟ್ಟ ಕಡೆ ಕುಸಿಯುತ್ತದೆ, ಮೈಕಿನ ವೈರು ಸರಿಯಾಗಿ ನಡುವಿನಲ್ಲೇ ಹಾದಿರುತ್ತದೆ. ಯಾವ ಮಗುವೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ; ಗಾದೆ ಅದಕ್ಕೂ ಗೊತ್ತು. ಅತಿಥಿಗಳು ಬಂದು ದೀಪ ಹಚ್ಚುವ ಮೊದಲು, ಸಮಿತಿಯ ಅಧ್ಯಕ್ಷರು ಚಪ್ಪಲಿ ಬಿಟ್ಟು ಆ ವೇದಿಕೆಯ ಮೇಲೆ ದಯವಿಟ್ಟು ಒಂದೈದು ನಿಮಿಷ ಕುಣಿದು ನೋಡಲಿ.